ಅವಸರದ ದಯೆ

ದಯೆಯನ್ನು ಧರ್ಮದ ಬುಡದಲ್ಲಿರಿಸಿದ ಶರಣರ ಬೋಧೆಯನ್ನು ಬಾಲ್ಯದಿಂದಲೇ ಕೇಳಿ ಬೆಳೆದ ಗೃಹಸ್ಥನಿಗೆ ದಯೆಯು ಬೇಕೆಂದು ಹೊಸದಾಗಿ ಹೇಳಬೇಕಾದ ಅಗತ್ಯವಿಲ್ಲ. ಕಣ್ಣೆದುರಿಗೆ ಒಂದು ಜೀವವು ಸಂಕಟಪಡುತ್ತಿರುವಾಗ ಕರಗದ ಎದೆಯು ಅಪರೂಪ. ಆದರೆ ಕರಗಿದ ಎದೆಯು ಮಾಡಿಸುವ ಕಾರ್ಯವೆಲ್ಲವೂ ದಯೆಯೇ ಆಗುವುದೇ ಎಂಬುದು ಬೇರೆಯ ಪ್ರಶ್ನೆ. ಮನಸ್ಸಿನ ಮರುಕವು ಒಂದು. ಆ ಮರುಕವು ಕೈಯಿಂದ ಮಾಡಿಸುವ ಕೆಲಸವು ಮತ್ತೊಂದು. ಮರುಕವು ಶುದ್ಧವಾಗಿದ್ದೂ ಕೆಲಸವು ಕ್ರೂರವಾದ ಉದಾಹರಣೆಗಳು ಲೋಕದಲ್ಲಿ ಕಡಮೆಯಿಲ್ಲ. ಎಳೆಗೂಸಿನ ಜ್ವರಕ್ಕೆ ಹೆದರಿ ಕಂಡ ಕಂಡ ಮದ್ದನ್ನೆಲ್ಲ ಕುಡಿಸುವ ತಾಯಿಯಲ್ಲಿ ಪ್ರೀತಿಯ ಕೊರತೆಯಿಲ್ಲ, ಕೊರತೆಯಿರುವುದು ಅರಿವಿನಲ್ಲಿ. ಆದುದರಿಂದ ದಯೆಗೂ ಅರಿವಿಗೂ ಇರುವ ಸಂಬಂಧವೇನು, ಅರಿವನ್ನು ಬಿಟ್ಟ ದಯೆಯು ಮನುಷ್ಯನನ್ನು ಎಲ್ಲಿಗೆ ಒಯ್ಯುವುದು ಎಂಬುದನ್ನು ವಿಚಾರಿಸುವುದು ಯುಕ್ತ. ಈ ವಿಚಾರಕ್ಕೆ ದೊಡ್ಡ ದೃಷ್ಟಾಂತವೇನೂ ಬೇಕಿಲ್ಲ. ಮನೆಯ ಅಂಗಳದಲ್ಲಿ ಮಲಗುವ ಮುದಿನಾಯಿಯೇ ಸಾಕು.

ಹತ್ತು ಹನ್ನೆರಡು ವರ್ಷ ಬಾಗಿಲು ಕಾಯ್ದ ನಾಯಿಯೊಂದು ರಾತ್ರಿ ಎಂದಿನಂತೆ ಉಂಡು ಮಲಗಿದ್ದು, ಬೆಳಗಾಗುವಷ್ಟರಲ್ಲಿ ಏಳಲಾರದೆ ಹೋಗುವುದುಂಟು. ಎದ್ದರೆ ಒಂದೇ ಮಗ್ಗುಲಿಗೆ ವಾಲಿ ಬೀಳುತ್ತದೆ. ಕಾಲುಗಳನ್ನು ಅಗಲಿಸಿ ನಿಂತು ನೆಲವನ್ನು ಹಿಡಿದುಕೊಳ್ಳಲು ಹವಣಿಸುತ್ತದೆ. ತಲೆಯು ಒಂದು ಕಡೆಗೆ ಓರೆಯಾಗಿರುತ್ತದೆ. ಕಣ್ಣುಗುಡ್ಡೆಗಳು ಒಂದು ದಿಕ್ಕಿಗೆ ಮೆಲ್ಲನೆ ಸರಿದು ಮತ್ತೊಂದು ದಿಕ್ಕಿಗೆ ಥಟ್ಟನೆ ಹಾರುತ್ತ ಕ್ಷಣವೂ ನಿಲ್ಲವು. ವಾಂತಿಯಾಗುವುದುಂಟು. ಮುಂದಿಟ್ಟ ಅನ್ನವನ್ನು ಅದು ಮೂಸಿಯೂ ನೋಡುವುದಿಲ್ಲ. ನಡೆಯಲು ಹೋದರೆ ಗಾಣದೆತ್ತಿನಂತೆ ಒಂದೇ ಕಡೆಗೆ ಸುತ್ತುತ್ತದೆ. ನಿನ್ನೆ ಸಂಜೆ ಬೀದಿಯ ತುದಿಯಲ್ಲಿ ಯಜಮಾನನ ಸಪ್ಪಳವನ್ನು ಗುರುತಿಸಿ ಬಾಲವಾಡಿಸಿದ ಪ್ರಾಣಿಯು ಇಂದು ತನ್ನ ನಾಲ್ಕು ಕಾಲುಗಳನ್ನೇ ಗುರುತಿಸಲಾರದಂತೆ ಕಾಣುತ್ತದೆ.

ಇಂಥ ಸಂದರ್ಭದಲ್ಲಿ ಮನೆಯೊಳಗೆ ಏಳುವ ಮಾತುಗಳು ಸಾಮಾನ್ಯವಾಗಿ ನಾಲ್ಕು ಬಗೆ. ಯಾರೋ ವಿಷವಿಕ್ಕಿದರೆಂದು ಒಬ್ಬನು ಹೇಳುತ್ತಾನೆ. ಲಕ್ವ ಹೊಡೆಯಿತು, ಇನ್ನೇನೂ ಉಳಿದಿಲ್ಲವೆಂದು ಎರಡನೆಯವನು. ಊರ ಹೊರಗಿನ ಮರದ ನೆರಳಿನಲ್ಲಿ ಬಿಟ್ಟು ಬರೋಣ, ಮಕ್ಕಳು ನೋಡಲಾರವೆಂದು ಮೂರನೆಯವನು. ವೈದ್ಯರನ್ನು ಕರೆಸಿ ಒಂದು ಸೂಜಿ ಚುಚ್ಚಿಸಿ ನೋವಿನಿಂದ ಬಿಡಿಸಿಬಿಡೋಣವೆಂದು ನಾಲ್ಕನೆಯವನು. ನಾಲ್ವರ ಬಾಯಲ್ಲಿಯೂ ಮೊದಲು ಹೊರಡುವ ಮಾತು ‘ಅಯ್ಯೋ ಪಾಪ’ ಎಂಬುದೇ. ನಾಲ್ವರೂ ನಿರ್ದಯರಲ್ಲ. ಆದರೆ ಬಿದ್ದ ಪ್ರಾಣಿಗೆ ಆಗಿರುವುದೇನೆಂಬುದನ್ನು ಅವರಲ್ಲಿ ಯಾರೂ ಇನ್ನೂ ಕೇಳಿಲ್ಲ. ನಿರ್ಣಯವು ಮೊದಲು ಬಂದಿತು. ಅರಿವು ಬರಲು ಎಡೆಯೇ ಉಳಿಯಲಿಲ್ಲ.

ಆಗಿರುವುದೇನು? ಕಿವಿಯು ಕೇಳುವುದಕ್ಕಾಗಿಯೇ ಇರುವ ಇಂದ್ರಿಯವೆಂದು ಸಾಮಾನ್ಯರ ತಿಳಿವಳಿಕೆ. ಆದರೆ ಒಳಗಿವಿಯಲ್ಲಿ ಶಂಖದ ಸುಳಿಯಂತಿರುವ ಶ್ರವಣಭಾಗಕ್ಕೆ ಹೊಂದಿಕೊಂಡು ಅರ್ಧವೃತ್ತಾಕಾರದ ಮೂರು ಸೂಕ್ಷ್ಮ ಕೊಳವೆಗಳಿವೆ. ಅವು ಮೂರು ಬೇರೆ ಬೇರೆ ದಿಕ್ಕುಗಳಿಗೆ ಮುಖಮಾಡಿ ನಿಂತಿವೆ. ಅವುಗಳೊಳಗೆ ದ್ರವವು ತುಂಬಿದೆ. ಕೊಡವನ್ನು ಗಕ್ಕನೆ ತಿರುಗಿಸಿದರೆ ಒಳಗಿನ ನೀರು ಕೊಡದೊಡನೆ ಕೂಡಲೇ ತಿರುಗದೆ ಹಿಂದುಳಿಯುವಂತೆ, ತಲೆಯು ತಿರುಗಿದಾಗ ಈ ದ್ರವವೂ ಹಿಂದುಳಿಯುತ್ತದೆ. ಅಲ್ಲಿರುವ ಕೂದಲೆಳೆಗಿಂತ ನವಿರಾದ ರೋಮಗಳು ಆ ವ್ಯತ್ಯಾಸವನ್ನು ಅರಿತು ನರದ ಮೂಲಕ ಮಿದುಳಿಗೆ ಸುದ್ದಿ ಕಳುಹಿಸುತ್ತವೆ. ಬಲಗಿವಿ ಎಡಗಿವಿಗಳು ಹೀಗೆ ಇಬ್ಬರು ಸಾಕ್ಷಿಗಳಂತೆ ಸದಾ ಮಾತಾಡುತ್ತಿರುತ್ತವೆ. ಇಬ್ಬರ ಮಾತನ್ನೂ ತೂಗಿ ನೋಡಿ ಮಿದುಳು ದೇಹವನ್ನು ನೆಟ್ಟಗೆ ನಿಲ್ಲಿಸುತ್ತದೆ. ಒಬ್ಬ ಸಾಕ್ಷಿಯು ಹಠಾತ್ತನೆ ಮೂಕನಾದರೆ ಮಿದುಳು ಉಳಿದೊಬ್ಬನ ಮಾತನ್ನೇ ನಂಬಬೇಕಾಗುತ್ತದೆ. ಆಗ ನಿಂತ ತಲೆಯು ತಿರುಗುತ್ತಿದೆಯೆಂದು ಅದಕ್ಕೆ ತೋರುತ್ತದೆ. ಅಲುಗದ ನೆಲವು ದೋಣಿಯಂತೆ ಹೊರಳುತ್ತದೆ. ನಾಯಿಯು ಬೀಳುವುದು ಕಾಲಿನ ಬಲ ಉಡುಗಿದುದರಿಂದಲ್ಲ, ಭೂಮಿಯ ಮೇಲಿನ ನಂಬಿಕೆ ತಪ್ಪಿದುದರಿಂದ.

ಈ ಕೊಳವೆಗಳಿಗೂ ದೇಹದ ಸಮತೋಲಕ್ಕೂ ಇರುವ ಸಂಬಂಧವನ್ನು ಫ್ರಾನ್ಸ್ ದೇಶದ ಫ್ಲೂರಾನ್ಸ್ ಎಂಬ ವಿದ್ವಾಂಸನು ೧೮೨೦ರ ದಶಕದಲ್ಲಿ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದನು. ಅವುಗಳ ಒಳಗಿವಿಯ ಕೊಳವೆಗಳನ್ನು ಕತ್ತರಿಸಿದಾಗ ಹಕ್ಕಿಗಳು ನಿಲ್ಲಲಾರದೆ ತಲೆಯಾಡಿಸುತ್ತ ಸುತ್ತತೊಡಗಿದವು. ಅನಂತರ ಇದೇ ಇಂದ್ರಿಯದ ವಿಷಯದಲ್ಲಿ ಶ್ರಮಿಸಿದ ರಾಬರ್ಟ್ ಬಾರಾನಿ ಎಂಬ ವೈದ್ಯನಿಗೆ ೧೯೧೪ನೆಯ ವರ್ಷದ ನೊಬೆಲ್ ಪಾರಿತೋಷಕವು ಸಂದಿತು. ಇಂದು ಮನುಷ್ಯನ ತಲೆಸುತ್ತಿಗೆ ದೊರೆಯುವ ಚಿಕಿತ್ಸೆಯ ತಳಹದಿಯಲ್ಲಿ ಆ ಮೂಕಹಕ್ಕಿಗಳ ಸಂಕಟವೂ ಇದೆಯೆಂಬುದನ್ನು ಮರೆಯಲಾಗದು. ಮೂಕಜೀವಗಳಿಂದ ಪಡೆದ ಅರಿವು ಮೂಕಜೀವದ ಹಿತಕ್ಕೆ ಒದಗದಿದ್ದರೆ ಆ ಸಾಲವು ತೀರುವುದೆಂತು?

ಮುದಿನಾಯಿಗಳಲ್ಲಿ ಈ ಸಾಕ್ಷಿಯು ಕೆಲವೊಮ್ಮೆ ಯಾವ ಸ್ಪಷ್ಟ ಕಾರಣವೂ ಇಲ್ಲದೆ ಮೂಕನಾಗುವುದುಂಟು. ಪಶುವೈದ್ಯಶಾಸ್ತ್ರವು ಇದನ್ನು ಚೆನ್ನಾಗಿ ಬಲ್ಲದು. ಇದಕ್ಕೆ ಮುದಿನಾಯಿಗಳ ಸಮತೋಲದ ರೋಗವೆಂದೇ ಹೆಸರು. ಇದು ಕೆಲವು ಗಳಿಗೆಗಳಲ್ಲಿಯೇ ಉಲ್ಬಣಿಸುತ್ತದೆ. ಮೊದಲಿನ ಒಂದೆರಡು ದಿನ ನೋಡಲು ಅತ್ಯಂತ ಭಯಂಕರ. ಮೂರು ದಿನಗಳ ಸುಮಾರಿಗೆ ಕಣ್ಣಿನ ಓಡಾಟವು ತಗ್ಗತೊಡಗುತ್ತದೆ, ವಾಂತಿ ನಿಲ್ಲುತ್ತದೆ, ಹಸಿವೆ ತಲೆಯೆತ್ತುತ್ತದೆ. ಎರಡು ಮೂರು ವಾರಗಳಲ್ಲಿ ಬಹುಪಾಲು ನಾಯಿಗಳು ಮತ್ತೆ ನಡೆದಾಡುತ್ತವೆ. ತಲೆಯ ಓರೆಯು ಮಾತ್ರ ಕೆಲವಕ್ಕೆ ಕಡೆತನಕ ಉಳಿಯುವುದುಂಟು. ಇದನ್ನು ನೇರವಾಗಿ ಗುಣಪಡಿಸುವ ಔಷಧವಿಲ್ಲ. ವಾಂತಿಯನ್ನು ತಡೆಯುವುದಕ್ಕೂ ದೇಹದ ನೀರಿನಂಶವನ್ನು ಕಾಯುವುದಕ್ಕೂ ವೈದ್ಯರು ಮದ್ದು ಕೊಡುತ್ತಾರೆ. ಮಿಕ್ಕುದನ್ನು ಮಾಡುವುದು ಕಾಲ. ಮೂಕನಾದ ಸಾಕ್ಷಿಯಿಲ್ಲದೆಯೇ ನ್ಯಾಯ ತೀರ್ಮಾನಿಸುವುದನ್ನು ಮಿದುಳು ಮೆಲ್ಲಮೆಲ್ಲನೆ ಕಲಿತುಕೊಳ್ಳುತ್ತದೆ. ಎಂದರೆ, ನಾಲ್ಕನೆಯ ದಿನ ಬಟ್ಟಲಿಗೆ ಬಾಯಿಡಲಿದ್ದ ಪ್ರಾಣಿಯನ್ನು ಮೊದಲನೆಯ ದಿನವೇ ‘ನೋವಿನಿಂದ ಬಿಡಿಸುವ’ ಅವಕಾಶವು ಅವಸರದ ದಯೆಗೆ ಧಾರಾಳವಾಗಿದೆ.

ಮಬ್ಬಿನಲ್ಲಿ ಹಗ್ಗವನ್ನು ಕಂಡು ಹಾವೆಂದು ಭ್ರಮಿಸುವ ದೃಷ್ಟಾಂತವು ಶಾಸ್ತ್ರಗಳಲ್ಲಿ ಪ್ರಸಿದ್ಧ. ಇಲ್ಲಿ ಆಗುವುದೂ ಅದೇ. ತಾನಾಗಿ ಕಳೆಯುವ ಬಾಧೆಯಲ್ಲಿ ಮೃತ್ಯುವನ್ನು ಕಂಡು ಕೈಗೆ ಸಿಕ್ಕ ದೊಣ್ಣೆಯನ್ನು ಎತ್ತುವುದು ಒಂದು ಭ್ರಾಂತಿ. ಆದರೆ ಇದಕ್ಕೆ ವಿಪರೀತವಾದ ಭ್ರಾಂತಿಯೂ ಉಂಟು; ಅದು ನಿಜವಾದ ಹಾವನ್ನು ಹಗ್ಗವೆಂದು ಬಗೆದು ಸುಮ್ಮನಿರುವುದು. ‘ಮುದಿನಾಯಿಯ ತಲೆಸುತ್ತು, ನಾಲ್ಕು ದಿನಕ್ಕೆ ಹೋಗುತ್ತದೆ’ ಎಂದು ಕೇಳಿ ತಿಳಿದವನು ಕೈಕಟ್ಟಿ ಕುಳಿತರೆ ಅವನೂ ಅರಿವುಳ್ಳವನಲ್ಲ. ಏಕೆಂದರೆ ಹಠಾತ್ತನೆ ಕುಸಿಯುವುದಕ್ಕೆ ಕಾರಣಗಳು ಹಲವು. ವಸಡು ಬಿಳಿಚಿಕೊಂಡು ಹೊಟ್ಟೆಯು ಉಬ್ಬಿದ್ದರೆ ಗುಲ್ಮದಲ್ಲಿ ಬೆಳೆದ ಗಡ್ಡೆಯೊಡೆದು ಒಳಗೇ ರಕ್ತ ಸುರಿಯುತ್ತಿರಬಹುದು; ಅಲ್ಲಿ ಗಳಿಗೆಗಳು ಅಮೂಲ್ಯ. ಓಡಿದಾಗ, ಉದ್ವೇಗಗೊಂಡಾಗ ಮೂರ್ಛೆ ಬಿದ್ದು ಕೊಂಚ ಹೊತ್ತಿನಲ್ಲಿ ಏಳುವುದಾದರೆ ದೋಷವು ಹೃದಯದಲ್ಲಿರಬಹುದು. ಪಾದವು ಮಡಚಿಕೊಂಡರೂ ಅರಿವಾಗದಿದ್ದರೆ, ಕಣ್ಣುಗಳು ಮೇಲೆ ಕೆಳಗೆ ಹಾರುತ್ತಿದ್ದರೆ, ಕರೆದರೂ ಎಚ್ಚರವಿಲ್ಲದಂತಿದ್ದರೆ ಮಿದುಳಿನ ಬಾಧೆಯ ಶಂಕೆ ಮೂಡುತ್ತದೆ. ಹಿಂಗಾಲುಗಳು ಮಾತ್ರ ಎಳೆದರೆ ಬೆನ್ನುಹುರಿಯನ್ನು ನೋಡಬೇಕು. ಕಿವಿಯಿಂದ ಕೀವು, ದುರ್ವಾಸನೆ ಇದ್ದರೆ ಒಳಗಿವಿಯ ಸೋಂಕಿರಬಹುದು, ಅದಕ್ಕೆ ಮದ್ದುಂಟು. ಉಣ್ಣೆಗಳಿಂದ ಹತ್ತುವ ಜ್ವರವು ರಕ್ತವನ್ನು ಕೆಡಿಸಿ ನಾಯಿಯನ್ನು ನೆಲಕ್ಕೆ ಹಾಕುವುದುಂಟು. ಹೊಲಮನೆಗಳಲ್ಲಿ ನಾಗರ, ಕಟ್ಟುಹಾವುಗಳ ಕಡಿತದಿಂದಲೂ ಕಾಲುಗಳು ಸೋಲುತ್ತವೆ.

ಇವೆಲ್ಲಕ್ಕಿಂತ ಎಚ್ಚರಿಕೆಯಿಂದ ನೋಡಬೇಕಾದುದು ಹುಚ್ಚುನಾಯಿ ರೋಗ. ಅದು ಯಾವಾಗಲೂ ಕಚ್ಚಾಡುವ ರೂಪದಲ್ಲಿಯೇ ಬರುವುದಿಲ್ಲ. ದವಡೆ ಜೋತುಬಿದ್ದು, ಜೊಲ್ಲು ಸುರಿದು, ನುಂಗಲಾರದೆ, ಕಾಲು ಸೋತು ಬೀಳುವ ಮೂಕರೂಪವೂ ಅದಕ್ಕಿದೆ. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕುವವನು ತನ್ನ ಪ್ರಾಣವನ್ನೇ ಅಪಾಯಕ್ಕೆ ಒಡ್ಡುತ್ತಾನೆ. ವರ್ಷವರ್ಷವೂ ತಪ್ಪದೆ ಲಸಿಕೆ ಹಾಕಿಸಿದ ಮನೆಯವನು ಇಂಥ ಗಳಿಗೆಯಲ್ಲಿ ನಾಯಿಯ ಬಳಿಗೆ ಧೈರ್ಯವಾಗಿ ಹೋಗಬಲ್ಲನು. ಹಾಕಿಸದವನ ಮರುಕಕ್ಕೆ ಭಯವೇ ಅಡ್ಡ ನಿಲ್ಲುತ್ತದೆ. ದಯೆಗೂ ಮುಂದಾಲೋಚನೆ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಹಗ್ಗವಾವುದು ಹಾವಾವುದು ಎಂಬುದನ್ನು ಬೇರ್ಪಡಿಸಲು ದೀಪ ಬೇಕು. ಆ ದೀಪವನ್ನು ಹಿಡಿಯಬಲ್ಲವರು ಪಶುವೈದ್ಯರು. ಅವರು ಕಣ್ಣಿನ ಚಲನೆಯನ್ನು ನೋಡಿ, ಕಿವಿಯೊಳಗೆ ಬೆಳಕು ಹಾಯಿಸಿ, ಪಾದವನ್ನು ಮಡಚಿ ಪರೀಕ್ಷಿಸಿ, ಹೃದಯವನ್ನು ಆಲಿಸಿ, ರಕ್ತವನ್ನು ಶೋಧಿಸಿ, ಇದಲ್ಲ ಇದಲ್ಲವೆಂದು ಒಂದೊಂದನ್ನೇ ಕಳೆಯುತ್ತ ಹೋಗಿ ಕಡೆಗೆ ಉಳಿದುದನ್ನು ಹೇಳುತ್ತಾರೆ. ಬ್ರಹ್ಮವಸ್ತುವನ್ನು ಕುರಿತು ಉಪನಿಷತ್ತು ಹಿಡಿದ ನಿಷೇಧಮಾರ್ಗವೇ ಇಲ್ಲಿ ವೈದ್ಯನ ಮಾರ್ಗವೂ ಆಗುತ್ತದೆ. ಆದುದರಿಂದ ಗೃಹಸ್ಥನ ಪ್ರಥಮ ಕರ್ತವ್ಯವು ತೋರಿಸುವುದು. ನೆರೆಯವನ ಊಹೆ ವೈದ್ಯವಲ್ಲ. ಮನುಷ್ಯರ ನೋವಿನ ಮಾತ್ರೆಗಳನ್ನು ಅರೆದು ಕುಡಿಸುವುದು ಸೇವೆಯಲ್ಲ. ಮನುಷ್ಯನಿಗೆ ಹಿತವಾದ ಎಷ್ಟೋ ಮಾತ್ರೆಗಳು ನಾಯಿಗೆ ವಿಷಪ್ರಾಯ. ಹಳೆಯ ಸೀಸೆಯಲ್ಲಿ ಉಳಿದ ಕಿವಿಮದ್ದನ್ನು ಕೇಳದೆ ಹಾಕುವುದೂ ಸಲ್ಲದು. ಕಿವಿಯ ತಮಟೆ ಹರಿದಿದ್ದರೆ ಕೆಲವು ಮದ್ದುಗಳು ಒಳಗಿವಿಯನ್ನೇ ಕೆಡಿಸಿ ಇದೇ ಬಾಧೆಯನ್ನು ಹುಟ್ಟಿಸುತ್ತವೆ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ‘ಮನೆಯ ಮನುಷ್ಯರ ಔಷಧಕ್ಕೇ ಹಣ ಸಾಲದು. ನಾಯಿಗೆಂದು ಆಸ್ಪತ್ರೆ, ಪರೀಕ್ಷೆಗಳೆಂದರೆ ಬಡಸಂಸಾರಿಗೆ ಸಾಧ್ಯವೆ?’ ಈ ಪ್ರಶ್ನೆಯನ್ನು ತಿರಸ್ಕರಿಸಬಾರದು. ಬಡವನ ಕಷ್ಟವೂ ಸಂಕಟವೇ, ಅದಕ್ಕೂ ದಯೆ ಸಲ್ಲಬೇಕು. ಸಮಾಧಾನವಿಷ್ಟು. ಊರಿನ ಅಥವಾ ಹೋಬಳಿಯ ಸರ್ಕಾರಿ ಪಶುಚಿಕಿತ್ಸಾಲಯದಲ್ಲಿ ಒಮ್ಮೆ ತೋರಿಸುವುದು ಬಹು ಮಂದಿಯ ಕೈಗೆ ಎಟುಕುವಂಥದು. ಅಲ್ಲಿಂದ ಮುಂದೆ ಈ ರೋಗದಲ್ಲಿ ಬೇಕಾಗುವುದರಲ್ಲಿ ಹೆಚ್ಚಿನದು ಹಣಕ್ಕೆ ಸಿಕ್ಕುವ ವಸ್ತುವಲ್ಲ. ನುಣುಪಾದ ಹಾಸುಗಲ್ಲಿನ ಮೇಲೆ ಕಾಲು ಜಾರದಂತೆ ಒಂದು ಗೋಣಿತಾಟು. ಬಾವಿಕಟ್ಟೆ ಮೆಟ್ಟಿಲುಗಳ ಕಡೆಗೆ ಹೋಗದಂತೆ ಒಂದು ತಡೆ. ರಾತ್ರಿ ಒಂದು ಸಣ್ಣ ದೀಪ, ಏಕೆಂದರೆ ಕಿವಿಯ ಸಾಕ್ಷ್ಯ ತಪ್ಪಿದಾಗ ನೆಲವೆಲ್ಲಿದೆಯೆಂದು ಹೇಳುವುದು ಕಣ್ಣು. ಎದ್ದು ನಿಲ್ಲಲು ಹೊಟ್ಟೆಯ ಕೆಳಗೆ ಆಧಾರವಾಗಿ ಹಾಯಿಸಿ ಹಿಡಿಯುವ ಹಳೆಯ ಪಂಚೆ. ಇವು ಯಾವ ಮನೆಯಲ್ಲಿಲ್ಲ?

ಉಳಿದುದೆಲ್ಲ ಕೈಯ ಕೆಲಸ. ಹಿಂದಿನಿಂದ ಗಕ್ಕನೆ ಮುಟ್ಟದೆ ಮುಂದಿನಿಂದ ಬಂದು, ಹೆಸರು ಹಿಡಿದು ಮಾತಾಡಿಸುತ್ತ ಮುಟ್ಟಬೇಕು. ಹೆದರಿದ ನಾಯಿಯು ಯಜಮಾನನನ್ನೂ ಕಚ್ಚೀತು. ಎತ್ತಿಕೊಂಡು ಅತ್ತಿತ್ತ ತಿರುಗಿಸಿದರೆ ತಲೆಸುತ್ತು ಹೆಚ್ಚುವುದು. ನೆಲದ ಸ್ಪರ್ಶವಿದ್ದಷ್ಟೂ ಅದಕ್ಕೆ ಧೈರ್ಯ. ಮಲಗಿದ ಬಾಯಿಗೆ ನೀರು ಸುರಿಯಬಾರದು, ಅದು ಶ್ವಾಸನಾಳಕ್ಕೆ ಇಳಿದೀತು. ಎದೆಯ ಮೇಲೆ ಒರಗಿಸಿ ಕೂರಿಸಿ, ಬಟ್ಟಲನ್ನು ಮೂತಿಯ ಮಟ್ಟಕ್ಕೆ ಹಿಡಿದು, ತಾನಾಗಿ ನೆಕ್ಕಲು ಬಿಡಬೇಕು. ಬೆರಳ ತುದಿಯಿಂದ ತುತ್ತು ತುತ್ತಾಗಿ ಅನ್ನವನ್ನು ಕೊಡಬೇಕು. ಏಳಲಾರದ ದಿನಗಳಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಎಲುಬಿನ ಮೇಲಿನ ಚರ್ಮವು ಹುಣ್ಣಾಗುತ್ತದೆ. ಮಲಮೂತ್ರಗಳಿಂದ ನೆನೆದ ಮೈಯನ್ನು ಒರಸಿ ಒಣಗಿಸಬೇಕು. ಈ ಕೆಲಸಗಳಿಗೆ ಪಾಂಡಿತ್ಯ ಬೇಡ, ಸಂಪತ್ತು ಬೇಡ. ಬಾಗುವ ಬೆನ್ನು ಬೇಕು, ಅಷ್ಟೆ. ದಯೆಯ ಮಾತನ್ನು ನಿಂತುಕೊಂಡೇ ಆಡಬಹುದು. ದಯೆಯ ಕೆಲಸವಾದರೋ ನೆಲಕ್ಕೆ ಕುಳಿತಲ್ಲದೆ ಆಗದು.

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಸೂಕ್ಷ್ಮವಾದುದು. ‘ಆ ಸಂಕಟವನ್ನು ನೋಡಲಾಗದು. ನೋಡಲಾಗದ ಸಂಕಟವನ್ನು ಮುಗಿಸಿಬಿಡುವುದೇ ಕರುಣೆ.’ ಈ ವಾಕ್ಯದಲ್ಲಿ ‘ನೋಡಲಾಗದು’ ಎಂಬ ಪದವನ್ನು ನಿಲ್ಲಿಸಿ ಪರೀಕ್ಷಿಸಬೇಕು. ನೋಡುವವನು ಯಾರು? ಯಜಮಾನ. ಲಾಗದವನು ಯಾರು? ಅವನೇ. ಹಾಗಾದರೆ ಮುಗಿಸಬೇಕೆಂದು ಅವನು ಬಯಸುವುದು ನಾಯಿಯ ಸಂಕಟವನ್ನೋ, ತನ್ನ ನೋಟದ ಸಂಕಟವನ್ನೋ? ಇವೆರಡೂ ಒಂದೇ ಕಾಲಕ್ಕೆ ಹುಟ್ಟುವುದರಿಂದ ಒಂದೇ ಎಂದು ತೋರುತ್ತವೆ. ಆದರೆ ಇವು ಬೇರೆ ಬೇರೆ ಎದೆಗಳಲ್ಲಿವೆ. ಮೇಲೆ ಹೇಳಿದ ಸಮತೋಲದ ರೋಗದಲ್ಲಿ ನಾಯಿಗೆ ತಲೆಸುತ್ತು, ಓಕರಿಕೆ, ಭಯಗಳಿವೆ. ಆದರೆ ಸುತ್ತ ನಿಂತವರು ಊಹಿಸುವ ಘೋರ ವೇದನೆಯು ಆ ರೋಗಕ್ಕೆ ಸಹಜವಲ್ಲ. ಅದು ಸಾವನ್ನು ಬೇಡುತ್ತಿಲ್ಲ, ನೆಲವನ್ನು ಬೇಡುತ್ತಿದೆ. ಬಿದ್ದು ಮತ್ತೆ ಏಳಲೆತ್ನಿಸುವ ಅದರ ಪ್ರತಿಯೊಂದು ಪ್ರಯತ್ನವೂ ಇದನ್ನೇ ಹೇಳುತ್ತದೆ. ತನ್ನ ಕಣ್ಣಿನ ಕಷ್ಟವನ್ನು ಪ್ರಾಣಿಯ ಮೇಲೆ ಹೊರಿಸಿ ಅದರ ಹೆಸರಿನಲ್ಲಿ ತೀರ್ಪು ಕೊಡುವುದು, ಎಷ್ಟೇ ಕಣ್ಣೀರಿನೊಡನೆ ಕೊಟ್ಟರೂ, ನ್ಯಾಯವಾಗದು.

ಇದರಿಂದ ಯಾವ ಸ್ಥಿತಿಯಲ್ಲಿಯೂ ಪ್ರಾಣಿಯ ಅಂತ್ಯವನ್ನು ಶಾಂತಗೊಳಿಸಬಾರದೆಂದು ಸಾಧಿಸಿದಂತಾಯಿತೆ? ಇಲ್ಲ. ಒಳಗೆ ರಕ್ತ ಸುರಿಯುವ ಗಡ್ಡೆ, ಉಸಿರಾಡಗೊಡದ ರೋಗ, ಯಾವ ಮದ್ದಿಗೂ ತಗ್ಗದ ನೋವು, ಇವು ಇವೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ೧೯೬೦ರ ಕಾಯಿದೆಯೂ ಬದುಕಿಸಿಡುವುದೇ ಕ್ರೌರ್ಯವಾಗುವ ಸ್ಥಿತಿಯೊಂದು ಉಂಟೆಂಬುದನ್ನು ಒಪ್ಪುತ್ತದೆ. ಅಹಿಂಸೆಯನ್ನು ವ್ರತವಾಗಿ ಹಿಡಿದವನಿಗೆ ಆ ಗಳಿಗೆಯು ಅತ್ಯಂತ ಕಠಿನ, ಕಠಿನವಾಗಿಯೇ ಇರತಕ್ಕದ್ದು. ಅಲ್ಲಿಗೆ ತಲಪುವ ಮೊದಲು ಅವನು ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳಬೇಕು. ರೋಗವಾವುದೆಂದು ಬಲ್ಲವರಿಂದ ತಿಳಿದುದಾಯಿತೆ? ಗುಣವಾಗಲು ಬೇಕಾದ ಕಾಲವನ್ನು ಕೊಟ್ಟುದಾಯಿತೆ? ಕೈಯಿಂದಾಗುವ ಸೇವೆಯನ್ನು ಮಾಡಿದುದಾಯಿತೆ? ಮೂರಕ್ಕೂ ಆಯಿತೆಂದು ಹೇಳಬಲ್ಲವನು, ನೋವಿಗೆ ಬೇರೆ ದಾರಿಯಿಲ್ಲವೆಂದು ವೈದ್ಯರು ತೀರ್ಮಾನಿಸಿದಾಗ ಆ ಕಡೆಯ ಮದ್ದಿಗೆ ಒಪ್ಪಿದರೆ ಅವನನ್ನು ಹಿಂಸಕನೆನ್ನಲಾಗದು. ಮೂರನ್ನೂ ಬಿಟ್ಟು ಮೊದಲನೆಯ ಬೆಳಗಿನಲ್ಲಿಯೇ ಒಪ್ಪಿದವನನ್ನು ದಯಾಳುವೆನ್ನಲೂ ಆಗದು. ಮಾಡಿದ ಕಾರ್ಯವು ಎರಡು ಕಡೆಯೂ ಒಂದೇ ಆದರೂ ಅದರ ಹಿಂದಿನ ಅರಿವು ಬೇರೆ. ಆಚಾರದ ಬೆಲೆಯನ್ನು ಕಟ್ಟುವುದು ಆ ಅರಿವೇ.

ಊರ ಹೊರಗೆ ಬಿಟ್ಟುಬರುವ ಮೂರನೆಯವನ ಸಲಹೆಗೆ ಹೆಚ್ಚು ವಿಚಾರ ಬೇಡ. ಹಸಿವು ನೀರಡಿಕೆಗಳಿಂದ ಬಳಲುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದನ್ನು ಅದೇ ಕಾಯಿದೆಯು ಕ್ರೌರ್ಯವೆಂದು ಎಣಿಸುತ್ತದೆ. ಜೀವಿಗಳಲ್ಲಿ ಕರುಣೆಯಿಡುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ೧೯೭೬ರ ತಿದ್ದುಪಡಿಯಿಂದ ಭಾರತದ ಸಂವಿಧಾನದಲ್ಲಿಯೂ ಸೇರಿದೆ. ಆದರೆ ಕಾಯಿದೆಯ ಭಯದಿಂದ ಮಾಡುವ ಧರ್ಮವು ಕಾವಲುಗಾರನು ಕಣ್ಮರೆಯಾದೊಡನೆ ನಿಲ್ಲುತ್ತದೆ. ಇದಕ್ಕಿಂತ ಹಳೆಯದೊಂದು ಪ್ರಮಾಣವು ಈ ನಾಡಿನ ಜನರ ಮನಸ್ಸಿನಲ್ಲಿದೆ.

ಮಹಾಭಾರತವು ನಾಯಿಯ ಕಥೆಯಿಂದ ತೊಡಗಿ ನಾಯಿಯ ಕಥೆಗೆ ಬಂದು ಮುಟ್ಟುತ್ತದೆಂದರೆ ಅತಿಶಯೋಕ್ತಿಯಾಗದು. ಆದಿಪರ್ವದ ಮೊದಲಲ್ಲಿ ಜನಮೇಜಯನ ಯಜ್ಞಶಾಲೆಗೆ ಬಂದ ನಾಯಿಮರಿಯೊಂದನ್ನು ರಾಜನ ತಮ್ಮಂದಿರು ಹೊಡೆದಟ್ಟುತ್ತಾರೆ. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ನೋಡಿಯೂ ಇರಲಿಲ್ಲ. ತಾಯಿಯಾದ ಸರಮೆಯು ಬಂದು ತಪ್ಪೇನೆಂದು ಕೇಳಿದರೆ ರಾಜಕುಲದಲ್ಲಿ ಉತ್ತರವಿಲ್ಲ. ವಿಚಾರಿಸದೆ ಹೊಡೆದ ಮನೆಗೆ ಕಾಣದ ಭಯವು ಬರಲೆಂದು ಆಕೆಯ ಶಾಪ. ಕಡೆಯಲ್ಲಿ ಮಹಾಪ್ರಸ್ಥಾನದ ದಾರಿಯಲ್ಲಿ ಹೆಂಡತಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಧರ್ಮರಾಯನ ಹಿಂದೆ ಉಳಿದುದು ಒಂದು ನಾಯಿ. ರಥವನ್ನು ತಂದ ಇಂದ್ರನು ನಾಯಿಯನ್ನು ಬಿಟ್ಟು ಹತ್ತೆನ್ನುತ್ತಾನೆ. ನಂಬಿ ಬಂದುದನ್ನು ಬಿಟ್ಟು ಪಡೆಯುವ ಸ್ವರ್ಗವು ತನಗೆ ಬೇಡವೆಂದು ಧರ್ಮರಾಯನು ನಿಲ್ಲುತ್ತಾನೆ. ವಿಚಾರಿಸದೆ ಹೊಡೆದುದು ಆದಿ. ಎಲ್ಲವನ್ನೂ ತಿಳಿದು ಬಿಡದಿದ್ದುದು ಅಂತ್ಯ. ನಡುವಣ ಅಷ್ಟು ದೊಡ್ಡ ಕಥೆಯು ಮನುಷ್ಯನನ್ನು ಅಲ್ಲಿಂದ ಇಲ್ಲಿಗೆ ತರಲು ಬೇಕಾಯಿತು.

ಇಲ್ಲಿ ಗಮನಿಸತಕ್ಕ ಮಾತೊಂದಿದೆ. ಆ ನಾಯಿಯು ತನ್ನನ್ನು ಕರೆದೊಯ್ಯೆಂದು ಬೇಡಲಿಲ್ಲ, ಬರಿದೆ ಹಿಂಬಾಲಿಸಿತು. ಮನೆಯ ನಾಯಿಯ ಬಾಳೆಲ್ಲವೂ ಹೀಗೆಯೇ. ಅದಕ್ಕೆ ಕೂಲಿಯ ಕರಾರಿಲ್ಲ. ಕುರುಬನ ಹಿಂಡಿನೊಡನೆ ಬಯಲಲ್ಲಿ ರಾತ್ರಿ ಕಳೆಯುವ ನಾಯಿಯಾಗಲಿ, ೨೦೦೫ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡ ಬೇಟೆಗಾರ ಮುಧೋಳ ತಳಿಯಾಗಲಿ, ಹೆಸರಿಲ್ಲದ ಕೇರಿಯ ನಾಯಿಯಾಗಲಿ, ಯೌವನವನ್ನೆಲ್ಲ ಕೊಟ್ಟು ಮುಪ್ಪಿಗೆ ಇಷ್ಟೆಂದು ಕೇಳಿ ಬರೆಸಿಕೊಂಡುದಿಲ್ಲ. ಹನ್ನೆರಡು ವರ್ಷದ ಕಾವಲಿನ ಮುಂದೆ ಹನ್ನೆರಡು ದಿನದ ಆರೈಕೆಯನ್ನು ದಾನವೆಂದು ಕರೆಯುವುದು ಲೆಕ್ಕ ತಿಳಿದವನಿಗೆ ಒಪ್ಪುವ ಮಾತಲ್ಲ. ಅದು ಋಣಸಂದಾಯ. ದುಡಿದು ದಣಿದ ಜೀವಕ್ಕೆ ನೆಲೆ ಕೊಡುವುದನ್ನು ಕಾಯಕದ ಮಹಿಮೆಯನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮನೆಯ ಮಕ್ಕಳ ವಿಷಯವೂ ಇದೆ. ಮಕ್ಕಳು ನೋಡಲಾರವೆಂಬ ಮಾತು ಅರ್ಧ ಸತ್ಯ. ಬಿದ್ದುದನ್ನು ಮಾತ್ರ ತೋರಿಸಿ ಒಯ್ದುಬಿಟ್ಟರೆ ಅವು ನೋಡಲಾರವು. ಬಿದ್ದುದನ್ನು ಹಿಡಿದೆತ್ತುವ ತಂದೆಯನ್ನೂ ತುತ್ತಿಡುವ ತಾಯಿಯನ್ನೂ ಕಂಡರೆ ಅವು ನೋಡಬಲ್ಲವು, ಬಟ್ಟಲನ್ನೂ ಹಿಡಿಯಬಲ್ಲವು. ಕೆಲಸಕ್ಕೆ ಬಾರದಾದ ಮರುದಿನವೇ ಒಂದು ಜೀವವು ಮನೆಯಿಂದ ಮಾಯವಾಗುವುದನ್ನು ಕಂಡ ಮಗುವು ಕಲಿಯುವ ಪಾಠವು ನಾಯಿಯೊಬ್ಬಂಟಿಗೆ ನಿಲ್ಲುವುದಿಲ್ಲ. ಆ ಮನೆಯ ಮೂಲೆಯಲ್ಲಿ ಕೋಲೂರಿ ನಡೆಯುವ ಅಜ್ಜನೂ ಇರಬಹುದು. ಅವನಿಗೂ ಕಣ್ಣಿದೆ, ಅವನೂ ನೋಡುತ್ತಿರುತ್ತಾನೆ.

ಹೀಗೆ ವಿಚಾರಿಸಿದರೆ ದಯೆಗೆ ಮೂರು ಮೆಟ್ಟಿಲುಗಳಿರುವುದು ಕಾಣುತ್ತದೆ. ಕರಗುವುದು ಮೊದಲನೆಯದು, ಅದು ಸುಲಭ, ತಾನಾಗಿ ಬರುತ್ತದೆ. ಅರಿಯುವುದು ಎರಡನೆಯದು, ಅದಕ್ಕೆ ತನ್ನ ಭಯವನ್ನು ಬದಿಗಿಟ್ಟು ಎದುರಿನ ಜೀವಿಯನ್ನು ಇದ್ದಂತೆ ನೋಡಬೇಕು, ಬಲ್ಲವರನ್ನು ಕೇಳಬೇಕು. ಕಾದಿದ್ದು ಸೇವಿಸುವುದು ಮೂರನೆಯದು. ಅದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ಫಲವು ತನ್ನ ಕೈಯಲ್ಲಿಲ್ಲ. ಮೊದಲನೆಯ ಮೆಟ್ಟಿಲಿನಿಂದ ನೇರವಾಗಿ ನಿರ್ಣಯಕ್ಕೆ ಹಾರುವವನು ದಯೆಯ ಹೆಸರಿನಲ್ಲಿ ಎಡವುತ್ತಾನೆ. ಸಮತೋಲ ತಪ್ಪಿದುದು ನಾಯಿಗೆ ಮಾತ್ರವಲ್ಲ, ಅದನ್ನು ಕಂಡವನ ಮನಸ್ಸಿಗೂ ತಪ್ಪಿರುತ್ತದೆ. ನಾಯಿಯದು ಮೂರು ದಿನದಲ್ಲಿ ತಿಳಿಯಾಗತೊಡಗಬಹುದು. ಅಷ್ಟರೊಳಗೆ ಮನಸ್ಸಿನದನ್ನು ತಿಳಿಮಾಡಿಕೊಳ್ಳುವುದು ಗೃಹಸ್ಥನ ಸಾಧನೆ.

ಗುಣವಾದರೆ ಆ ನಾಯಿಯು ತಲೆಯನ್ನು ಕೊಂಚ ಓರೆಮಾಡಿಕೊಂಡೇ ಇನ್ನಷ್ಟು ಕಾಲ ಬಾಗಿಲಲ್ಲಿ ಕುಳಿತೀತು. ಗುಣವಾಗದೆ ವೈದ್ಯರು ಕೈಚೆಲ್ಲಿದರೆ, ಬಲ್ಲ ನೆಲದ ಮೇಲೆ, ಬಲ್ಲ ಧ್ವನಿಯ ಹತ್ತಿರ, ನಾಲಿಗೆಗೆ ಹನಿ ನೀರು ತಾಕಿದ್ದು ಹೋದೀತು. ಎರಡರಲ್ಲಿ ಯಾವುದಾದರೂ ಯಜಮಾನನಿಗೆ ಪಶ್ಚಾತ್ತಾಪಕ್ಕೆ ಎಡೆಯಿರದು. ಅದು ಬಿದ್ದ ಬೆಳಗಿನಲ್ಲಿ ಮೊದಲು ಕೇಳಬೇಕಾದ ಮಾತು ‘ಏನು ಮಾಡಿಬಿಡೋಣ’ ಎಂಬುದಲ್ಲ, ‘ಏನಾಗಿದೆ’ ಎಂಬುದು. ಇಷ್ಟನ್ನು ಮರೆಯದವನ ಮನೆಯಲ್ಲಿ ದಯೆಗೆ ಕಣ್ಣಿರುವುದು.